ಊರಿಗೆ ಗೊತ್ತಿರುವ ಕಾರು

ಅಕ್ಕನ ಮಗ ಇಲ್ಲೇ ದಾವಣಗೆರೆಯಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಓದುತ್ತಿದ್ದಾನೆ. ಹೋದ ತಿಂಗಳು ಒಂದು ರಾತ್ರಿ ಹನ್ನೊಂದು ಗಂಟೆಗೆ ವಾಟ್ಸಾಪ್‌ನಲ್ಲಿ ಫೋಟೊ ಕಳಿಸಿದ. ಚಿತ್ರದುರ್ಗದ ಹತ್ತಿರ ಯಾವುದೋ ತೋಟದ ಮನೆ ಮುಂದೆ ನಿಂತಿರುವ ಹಳೇ ಜೀಪು. ಟಾಪ್ ಇಲ್ಲ. ಅಗಲದ ಟೈರು. ಮುಂದೆ ದಪ್ಪ ಕಬ್ಬಿಣದ ಬಂಪರ್. ಕೆಳಗೆ ಒಂದೇ ಸಾಲು: "ಮಾಮಾ, ಇದನ್ನ ತಗೊಂಡು ಮಾಡಿಫೈ ಮಾಡೋದು ಕಲೀಲಾ? ಒಂದೂಕಾಲು ಲಕ್ಷ ಹೇಳ್ತಿದಾರೆ."

ಅವತ್ತು ನಾನು ಉತ್ತರ ಕೊಡಲಿಲ್ಲ. ಬೇಡ ಅಂತ ಬರೆದು ಅಳಿಸಿದೆ. ತಗೋ ಅಂತ ಬರೆಯೋಕೂ ಕೈ ಬರಲಿಲ್ಲ. ಆ ಹುಡುಗನ ವಯಸ್ಸಿಗಿಂತ ಐದಾರು ವರ್ಷ ದೊಡ್ಡವನಿದ್ದಾಗ ನಾನೂ ಇಂಥದ್ದೇ ಒಂದು ಗಾಡಿಗೆ ಮನಸ್ಸು ಕೊಟ್ಟಿದ್ದೆ. ಅದು ಹೇಗೆ ಮುಗಿಯಿತು ಅನ್ನೋದನ್ನ ಮನೆಯಲ್ಲಿ ಯಾರೂ ಈಗ ಮಾತಾಡುವುದಿಲ್ಲ. ಆ ರಾತ್ರಿಯಿಂದ ಅದೇ ತಲೆಯಲ್ಲಿ ಸುತ್ತುತ್ತಿದೆ. ಮೊದಲ ಪ್ರಾಜೆಕ್ಟ್ ಕಾರು, ಅಂದರೆ ಬಿಚ್ಚಿ ಜೋಡಿಸಿ ಕೆಲಸ ಕಲಿಯುವ ಕಾರು, ಯಾವುದಿರಬೇಕು ಅಂತ ಕೇಳುವವನಿಗೆ ನಿಜವಾಗಿ ಏನು ಹೇಳಬೇಕು? ಅವನಿಗೆ ಹೇಳಬೇಕಾದ್ದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ.

ಪದ್ಮಿನಿ

2009. ಮೆಡಿಕಲ್ ಅಂಗಡಿ ಹಾಕಿ ಎರಡು ವರ್ಷ ಆಗಿತ್ತು. ಕೈಯಲ್ಲಿ ಸ್ವಲ್ಪ ದುಡ್ಡು ಓಡಾಡುತ್ತಿತ್ತು. ಚಿಕ್ಕವನಿದ್ದಾಗ ನಮ್ಮ ಓಣಿಗೆ ಬರುತ್ತಿದ್ದ ಡಾಕ್ಟರ ಹತ್ತಿರ ಪ್ರೀಮಿಯರ್ ಪದ್ಮಿನಿ ಇತ್ತು. ಅದರ ಗೇರು ಸ್ಟಿಯರಿಂಗ್ ಪಕ್ಕದಲ್ಲೇ. ಡಾಕ್ಟರು ಒಂದೇ ಕೈಯಲ್ಲಿ ಅದನ್ನು ಎಳೆದು ಹಾಕುವುದನ್ನು ನೋಡೋಕೆ ನಾವು ಗೇಟಿನ ಹತ್ತಿರ ನಿಲ್ಲುತ್ತಿದ್ದೆವು. ಹಾಗಾಗಿ ಚಿತ್ರದುರ್ಗದಲ್ಲಿ ಒಂದು ಪದ್ಮಿನಿ 22 ಸಾವಿರಕ್ಕೆ ಇದೆ ಅಂತ ಬ್ರೋಕರ್ ಹೇಳಿದಾಗ ಗಾಡಿ ಸರಿಯಾಗಿ ನೋಡುವ ಮೊದಲೇ ಅಡ್ವಾನ್ಸ್ ಕೊಟ್ಟೆ. ಇಂಜಿನ್ ಜಾಮ್ ಆಗಿತ್ತು. "ಸ್ವಲ್ಪ ಕೆಲಸ ಐತೆ ಅಷ್ಟೇ ಸರ್" ಅಂದರು. 407 ಟೆಂಪೋದಲ್ಲಿ ಹೇರಿಕೊಂಡು ಅರವತ್ತು ಕಿಲೋಮೀಟರ್ ಬಂದು ಮನೆ ಹಿಂದಿನ ಜಾಗದಲ್ಲಿ ಇಳಿಸಿದೆವು.

ಎರಡು ತಿಂಗಳಲ್ಲಿ ಸೀಟು, ಡ್ಯಾಶ್‌ಬೋರ್ಡ್, ನಾಲ್ಕೂ ಬಾಗಿಲು, ವೈರಿಂಗ್ ಎಲ್ಲ ಬಿಚ್ಚಿದೆ. ಬಿಚ್ಚುವಾಗ ತುಂಬಾ ಕಲಿಯುತ್ತಿದ್ದೇನೆ ಅನ್ನಿಸುತ್ತಿತ್ತು. ಪ್ರತಿ ಭಾನುವಾರ ಸಂಜೆ ಕೈ ಪೂರ್ತಿ ಗ್ರೀಸು. ನಟ್ಟು ಬೋಲ್ಟುಗಳನ್ನು ಹಳೇ ಆಯಿಲ್ ಡಬ್ಬಿಗೆ ಹಾಕುತ್ತಾ ಹೋದೆ. ಯಾವ ಬೋಲ್ಟು ಯಾವ ಜಾಗದ್ದು ಅಂತ ಬರೆದಿಡಲಿಲ್ಲ. ಒಂದು ಫೋಟೊ ಕೂಡ ತೆಗೆದಿಡಲಿಲ್ಲ. ಆಮೇಲೆ ಒಂದು ಮಧ್ಯಾಹ್ನ ಡ್ರೈವರ್ ಕಾಲಿಡುವ ಜಾಗದ ಮ್ಯಾಟ್ ಎತ್ತಿ ತಗಡಿನ ಮೇಲೆ ಸ್ಕ್ರೂಡ್ರೈವರ್ ಒತ್ತಿದೆ. ಒಂದು ಸಣ್ಣ ಸದ್ದು ಬಂತು, ಒಣ ರೊಟ್ಟಿ ಮುರಿದ ಹಾಗೆ. ಸ್ಕ್ರೂಡ್ರೈವರ್ ಹಿಡಿಕೆಯವರೆಗೂ ಒಳಗೆ ಹೋಯಿತು. ಹೊರಗೆ ಎಳೆದು ಬಗ್ಗಿ ನೋಡಿದರೆ ತೂತಿನಲ್ಲಿ ನಮ್ಮ ಹಿತ್ತಲಿನ ಮಣ್ಣು ಕಾಣುತ್ತಿತ್ತು. ತೂತಿನ ಸುತ್ತ ಕೆಂಪು ಪುಡಿ. ಇನ್ನೊಂದು ಕಡೆ ಒತ್ತಿದೆ, ಅಲ್ಲೂ ಹಾಗೇ. ಆ ಗಾಡಿಗೆ ಬೇರೆ ಛಾಸಿ, ಅಂದರೆ ಭಾರ ಹೊರುವ ಕಬ್ಬಿಣದ ಚೌಕಟ್ಟು, ಇಲ್ಲ. ತಳ, ಪಕ್ಕ, ಟಾಪು ಎಲ್ಲ ಸೇರಿ ಒಂದೇ ಪೆಟ್ಟಿಗೆ. ತಳ ಹೋದರೆ ಗಾಡಿಯ ಬೆನ್ನುಮೂಳೆ ಹೋದ ಹಾಗೆ. ಅದನ್ನು ಕತ್ತರಿಸಿ ಹೊಸ ತಗಡು ಕೂರಿಸಿ ವೆಲ್ಡ್ ಮಾಡುವುದು ಹೊಸಬನ ಕೆಲಸ ಅಲ್ಲ.

ಅಲ್ಲಿಂದ ಮುಂದೆ ಸಾಮಾನು ಹುಡುಕುವ ಕಷ್ಟ ಶುರುವಾಯಿತು. ಕಿಟಕಿಯ ಬೀಡಿಂಗ್, ಅಂದರೆ ಗಾಜಿನ ಸುತ್ತಿನ ರಬ್ಬರ್ ಪಟ್ಟಿ, ನಮ್ಮೂರಲ್ಲಿ ಸಿಗಲಿಲ್ಲ. ಬೆಂಗಳೂರಿನ ಜೆ.ಸಿ. ರೋಡಿಗೆ ಹೋದೆ, ಶಿವಾಜಿನಗರದ ಗುಜರಿಯಲ್ಲೂ ಹುಡುಕಿದೆ. ತಂದದ್ದು ಕೂರಲಿಲ್ಲ. ಮುಂಬೈನ ಕುರ್ಲಾದಲ್ಲಿ ಸಿಗಬಹುದು ಅಂದರು. ಈ ಗಾಡಿ ತಯಾರಾಗಿದ್ದೇ ಕುರ್ಲಾದಲ್ಲಿ, ಟ್ಯಾಕ್ಸಿಯಾಗಿ ಜಾಸ್ತಿ ಓಡಿದ್ದೂ ಮುಂಬೈನಲ್ಲಿ. ಅಲ್ಲಿಯವರಿಗೆ ಅದರ ಒಂದೊಂದು ಸ್ಕ್ರೂ ಕೂಡ ಗೊತ್ತು. ನಮ್ಮೂರಿಗೆ ಅದು ಮರೆತು ಹೋಗಿತ್ತು. ಅದನ್ನು ರಿಪೇರಿ ಮಾಡುತ್ತಿದ್ದ ಮೇಸ್ತ್ರಿಗಳು ವಯಸ್ಸಾಗಿ ಮನೆ ಸೇರಿದ್ದರು. ಮೂರು ಮಳೆಗಾಲ ಟಾರ್ಪಾಲು ಹೊದ್ದು ನಿಂತ ಗಾಡಿಯನ್ನು ಕೊನೆಗೆ ಗುಜರಿಯವರು ತೂಕದ ಲೆಕ್ಕದಲ್ಲಿ ತಗೊಂಡು ಹೋದರು. ಅಮ್ಮ ಹಿತ್ತಲ ಬಾಗಿಲಲ್ಲಿ ನಿಂತು ನೋಡಿದಳು, ಏನೂ ಅನ್ನಲಿಲ್ಲ. ನನಗೆ ದುಡ್ಡಿಗಿಂತ ಜಾಸ್ತಿ ಬೇಜಾರಾಗಿದ್ದು ಬೇರೆ ವಿಷಯಕ್ಕೆ. ನಾನು ಕೊಳ್ಳದೇ ಇದ್ದಿದ್ದರೆ ಗೊತ್ತಿರುವವರು ಯಾರಾದರೂ ಅದನ್ನು ಉಳಿಸಿಕೊಳ್ಳುತ್ತಿದ್ದರೇನೋ.

ಓಡುವ ಗಾಡಿ ಉತ್ತರ ಕೊಡುತ್ತದೆ

ಏಳು ವರ್ಷ ಬಿಟ್ಟು, 2016ರಲ್ಲಿ ಮತ್ತೆ ಕಾರು ತಗೊಂಡೆ. ಈ ಸಲ 1998ರ ಮಾರುತಿ 800. ಬಿಳಿ ಬಣ್ಣ, ಕೆಎ-17 ನಂಬರ್, ರಿಟೈರ್ ಆದ ಮೇಷ್ಟ್ರೊಬ್ಬರ ಗಾಡಿ. 38 ಸಾವಿರ. ಓಡುತ್ತಿತ್ತು. ಅವರ ಮನೆಯಿಂದ ನಮ್ಮ ಮನೆಗೆ ನಾನೇ ಓಡಿಸಿಕೊಂಡು ಬಂದೆ. ಈ ಒಂದು ವ್ಯತ್ಯಾಸ ಎಷ್ಟು ದೊಡ್ಡದು ಅಂತ ಅವತ್ತು ನನಗೂ ಗೊತ್ತಿರಲಿಲ್ಲ.

ಗೊತ್ತಾಗಿದ್ದು ಮೊದಲ ಮಳೆಗಾಲ ಕಳೆದ ಮೇಲೆ. ಸಿಗ್ನಲ್‌ನಲ್ಲಿ ನಿಲ್ಲಿಸಿದರೆ ಗಾಡಿ ನಡುಗಿ ಆಫ್ ಆಗುತ್ತಿತ್ತು. ಆಕ್ಸಿಲರೇಟರ್ ಮೇಲೆ ಕಾಲಿಟ್ಟೇ ಇರಬೇಕು. ಹದಡಿ ರಸ್ತೆ ಕಡೆಯ ಗ್ಯಾರೇಜಿನ ಮೇಸ್ತ್ರಿಗೆ ತೋರಿಸಿದೆ. ಅವರು ಒಂದು ನಿಮಿಷ ಕೇಳಿಸಿಕೊಂಡು, "ಕಾರ್ಬೊರೇಟರ್ ಕಸ ಕಟ್ಟೈತ್ರಿ. ನೀವೇ ಬಿಚ್ರಿ. ಬರಲಿಲ್ಲ ಅಂದ್ರೆ ಡಬ್ಬೀಲಿ ಹಾಕ್ಕೊಂಡು ಬರ್ರಿ, ನಾ ಹಾಕಿ ಕೊಡ್ತೀನಿ" ಅಂದರು. ಅಷ್ಟು ಧೈರ್ಯ ನನಗೆ ಬೇರೆ ಯಾರೂ ಕೊಟ್ಟಿರಲಿಲ್ಲ. ಕಾರ್ಬೊರೇಟರ್ ಅಂದರೆ ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್ನಿಗೆ ಕಳಿಸುವ ಭಾಗ. ಈ ಸಲ ಒಂದೊಂದು ಪೈಪು ತೆಗೆಯುವ ಮೊದಲೂ ಮೊಬೈಲಿನಲ್ಲಿ ಫೋಟೊ ತೆಗೆದೆ. ಪೈಪಿಗೆ ನಂಬರ್ ಚೀಟಿ ಅಂಟಿಸಿದೆ. ಊಟದ ದೊಡ್ಡ ಸ್ಟೀಲ್ ತಟ್ಟೆ ತಂದು ಬಿಚ್ಚಿದ್ದನ್ನು ಬಿಚ್ಚಿದ ಕ್ರಮದಲ್ಲೇ ಜೋಡಿಸಿದೆ. ಅದರೊಳಗಿನ ಜೆಟ್ ಅಂದರೆ ಹಿತ್ತಾಳೆಯ ಸಣ್ಣ ಸ್ಕ್ರೂ, ನಡುವೆ ಪೆಟ್ರೋಲ್ ಹೋಗೋಕೆ ಸೂಜಿ ತುದಿಯಷ್ಟು ತೂತು. ಅದನ್ನು ಬೆಳಕಿಗೆ ಹಿಡಿದು ನೋಡಿದೆ. ಬೆಳಕು ಬರಲಿಲ್ಲ. ಕ್ಲೀನರ್ ಸ್ಪ್ರೇ ಹೊಡೆದು, ಸೈಕಲ್ ಪಂಪಿನಿಂದ ಗಾಳಿ ಊದಿ ಮತ್ತೆ ಹಿಡಿದೆ. ತೂತಿನ ಆಚೆ ಸಾಸಿವೆಯಷ್ಟು ಆಕಾಶ ಕಾಣಿಸಿತು.

ಸಂಜೆ ಎಲ್ಲ ಜೋಡಿಸಿ ಸ್ಟಾರ್ಟ್ ಮಾಡಿದೆ. ಐಡಲ್ ಸ್ಕ್ರೂ ಕಾಲು ಸುತ್ತು ತಿರುಗಿಸಿದರೆ ಸದ್ದು ಏರುತ್ತದೆ, ಹಿಂದಕ್ಕೆ ತಿರುಗಿಸಿದರೆ ಇಳಿಯುತ್ತದೆ. ಗಾಳಿ, ಪೆಟ್ರೋಲಿನ ಪ್ರಮಾಣ ಹೊಂದಿಸುವ ಮಿಕ್ಸ್ಚರ್ ಸ್ಕ್ರೂ ಒಂದು ಹದಕ್ಕೆ ಬಂದಾಗ ನಡುಕ ನಿಂತು, ಮೂರು ಸಿಲಿಂಡರೂ ಒಂದೇ ದನಿಯಲ್ಲಿ ಓಡಿದವು. ನಾನು ಮಾಡಿದ್ದು ಸರಿಯಾ ತಪ್ಪಾ ಅಂತ ಗಾಡಿ ಆಗಲೇ ಹೇಳುತ್ತಿತ್ತು. ಪದ್ಮಿನಿಯ ಹತ್ತಿರ ಮೂರು ವರ್ಷ ಕೂತರೂ ಈ ಉತ್ತರ ಸಿಕ್ಕಿರಲಿಲ್ಲ. ಬಿಚ್ಚಿಟ್ಟ ಗಾಡಿಯಲ್ಲಿ ನೂರು ಕೆಲಸ ಮುಗಿದ ಮೇಲೆ ಒಂದು ಸಲ ಸ್ಟಾರ್ಟ್ ಮಾಡುತ್ತೇವೆ. ಅವತ್ತು ಅದು ಸ್ಟಾರ್ಟ್ ಆಗಲಿಲ್ಲ ಅಂದರೆ ನೂರರಲ್ಲಿ ಯಾವುದು ತಪ್ಪಿದ್ದು ಅಂತ ಹೊಸಬನಿಗೆ ಹೇಗೆ ಗೊತ್ತಾಗಬೇಕು?

ಅದಕ್ಕೇ ಹುಡುಗನಿಗೆ ಹೇಳುವುದು: ಓಡುವ ಗಾಡಿ ತಗೋ. ಬಣ್ಣ ಮಾಸಿರಲಿ, ಸೀಟು ಹರಿದಿರಲಿ, ಸದ್ದು ಮಾಡಲಿ. ಆದರೆ ಪೂರ್ತಿ ಇರಬೇಕು, ಓಡಬೇಕು. ಒಂದು ಸಲಕ್ಕೆ ಒಂದೇ ಕೆಲಸ ಹಿಡಿ. ಅದು ಮುಗಿದು ಗಾಡಿ ರಸ್ತೆಗೆ ಇಳಿದ ಮೇಲೆ ಇನ್ನೊಂದಕ್ಕೆ ಕೈ ಹಾಕು.

ಊರಿನ ಕೈಗಳು

ಮಾರುತಿ 800 ಯಾಕೆ ಅಂತ ಕೇಳುತ್ತಾರೆ. ಗಾಡಿ ಚಿಕ್ಕದು, 796 ಸಿಸಿ ಇಂಜಿನ್, ತೂಕ ಸುಮಾರು 650 ಕಿಲೋ. ಬಾನೆಟ್ ಎತ್ತಿದರೆ ಎಲ್ಲ ಭಾಗವೂ ಕಣ್ಣಿಗೆ ಕಾಣುತ್ತದೆ, ಕೈಗೆ ಎಟುಕುತ್ತದೆ. 10, 12, 14, 17ರ ಸ್ಪ್ಯಾನರ್ ಇದ್ದರೆ ಮುಕ್ಕಾಲು ಗಾಡಿ ಬಿಚ್ಚಬಹುದು. ಇವೆಲ್ಲ ಸರಿ. ಆದರೆ ನನ್ನ ಮಟ್ಟಿಗೆ ದೊಡ್ಡ ಕಾರಣ ಬೇರೆ. 1983ರ ಡಿಸೆಂಬರ್‌ನಲ್ಲಿ ಶುರುವಾಗಿ 2014ರ ಜನವರಿವರೆಗೆ, ಮೂವತ್ತು ವರ್ಷ ಆ ಗಾಡಿ ತಯಾರಾಯಿತು. ನಮ್ಮೂರಿನ ಯಾವ ಮೇಸ್ತ್ರಿಯ ಕೈಯೂ ಅದನ್ನು ಮುಟ್ಟದೇ ಉಳಿದಿಲ್ಲ. ಇದು ಊರಿಗೆ ಗೊತ್ತಿರುವ ಕಾರು.

ಹಾಗೆ ಊರಿಗೆ ಗೊತ್ತಿರುವುದರ ಬೆಲೆ ಏನು ಅಂತ ನನಗೆ ತಿಳಿದಿದ್ದು ಆಜಾದ್ ನಗರದ ಟಿಂಕರಿಂಗ್ ಚಾಚಾ ಹತ್ತಿರ. ಎಡಗಡೆ ಬಾಗಿಲಿಗೆ ಯಾರೋ ಬೈಕ್ ತಾಗಿಸಿ ಅಂಗೈ ಅಗಲ ಒಳಗೆ ಹೋಗಿತ್ತು. ಮಾಡಿಕೊಡಿ ಅನ್ನುವ ಬದಲು, ಕಲಿಸಿಕೊಡಿ ಅಂತ ಕೇಳಿದೆ. ಚಾಚಾ ನನ್ನ ಮುಖ ನೋಡಿ, ಸ್ಟೂಲ್ ತಳ್ಳಿ, "ಕೂತ್ಕೊಳಿ. ಮೊದ್ಲು ಬಾಗಿಲ ಒಳಗಿನ ಅಟ್ಟೆ ತೆಗೀರಿ" ಅಂದರು. ಒಳಗಡೆಯಿಂದ ಡಾಲಿ, ಅಂದರೆ ಅಂಗೈಯಲ್ಲಿ ಹಿಡಿಯುವ ಕಬ್ಬಿಣದ ಗಟ್ಟಿ, ಒತ್ತಿ ಹಿಡಿಯಬೇಕು. ಹೊರಗಡೆಯಿಂದ ಚಪ್ಪಟೆ ಸುತ್ತಿಗೆಯಿಂದ ಮೆತ್ತಗೆ ತಟ್ಟಬೇಕು. ನಾನು ಆಸೆಗೆ ಜೋರಾಗಿ ನಾಲ್ಕು ಏಟು ಹಾಕಿದೆ. ತಗಡು ಹಿಗ್ಗಿ, ಬೆರಳು ಒತ್ತಿದರೆ ಡಬ್ಬದ ಮುಚ್ಚಳದ ಹಾಗೆ ಟೊಕ್ ಟೊಕ್ ಅನ್ನೋಕೆ ಶುರುವಾಯಿತು. ಚಾಚಾ ಬೈಯಲಿಲ್ಲ. ಗ್ಯಾಸ್ ಉರಿಯಲ್ಲಿ ನಡುವೆ ಒಂದು ರೂಪಾಯಿ ಅಗಲ ಕೆಂಪಗೆ ಕಾಯಿಸಿ, ಸುತ್ತ ತಟ್ಟಿ, ಒದ್ದೆ ಬಟ್ಟೆ ಇಟ್ಟರು. ಚುಂಯ್ ಅಂತ ಹೊಗೆ ಎದ್ದು ತಗಡು ಬಿಗಿಯಿತು.

ಆಮೇಲೆ ಅವರು ಮಾಡಿದ್ದು ನಾನು ಮರೆಯುವ ಹಾಗಿಲ್ಲ. ತೆಳು ಹತ್ತಿ ಬಟ್ಟೆಯನ್ನು ಬಾಗಿಲ ಮೇಲೆ ಹಾಸಿ, ಅದರ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ ಉದ್ದಕ್ಕೂ ಸವರಿದರು. "ಇಲ್ಲಿ ಎತ್ತರ. ಇಲ್ಲಿ ತಗ್ಗು. ನೀವು ನೋಡಿ." ನನ್ನ ಕೈಗೆ ಮೊದಲು ಏನೂ ಗೊತ್ತಾಗಲಿಲ್ಲ. ಹತ್ತನೇ ಸಲವೋ ಹದಿನೈದನೇ ಸಲವೋ, ಅಂಗೈ ಕೆಳಗೆ ಒಂದು ಸಣ್ಣ ಉಬ್ಬು ಬಂದು ಹೋದ ಹಾಗಾಯಿತು. ಅಲ್ಲೇ ಕೈ ನಿಲ್ಲಿಸಿದೆ. ಚಾಚಾ ಆ ಜಾಗಕ್ಕೆ ಸೀಮೆಸುಣ್ಣದಲ್ಲಿ ಗೀಟು ಹಾಕಿ, "ಹಾಂ, ಅಲ್ಲೇ" ಅಂದರು. ಐದು ಭಾನುವಾರ ಹೋದೆ. ಆ ಬಾಗಿಲಿಗೆ ಕೊನೆಗೆ ತಗ್ಗು ತುಂಬುವ ಪುಟ್ಟಿ ಬೇಕಾಗಿದ್ದು ಉಗುರಿನಷ್ಟು ದಪ್ಪ ಮಾತ್ರ.

ಬ್ರೇಕ್ ಡ್ರಮ್ಮಿನ ಕಥೆಯೂ ಹೀಗೆಯೇ. ಡ್ರಮ್ ಒಳಗೆ ಗೆರೆ ಬಿದ್ದಿದ್ದವು. ಹರಿಹರದ ಒಂದು ಲೇತ್ ಅಂಗಡಿಗೆ ಒಯ್ದೆ. ಲೇತ್ ಅಂದರೆ ಕಬ್ಬಿಣವನ್ನು ತಿರುಗಿಸುತ್ತಾ ಕೆತ್ತುವ ಯಂತ್ರ. ಅಲ್ಲಿನ ಲೇತಿನ ಮೈಮೇಲೆ ಕಿರ್ಲೋಸ್ಕರ್ ಅಂತ ಎರಕದ ಅಕ್ಷರ. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಶುರುವಾದ ಮೇಲೆ ಎಷ್ಟು ಮನೆಗಳಿಗೆ ಲೇತ್ ಕೆಲಸ ಕಲಿಸಿತು ಅನ್ನೋದು ಈ ಕಡೆಯವರಿಗೆ ಹೇಳಬೇಕಾಗಿಲ್ಲ. ಕಾರ್ಖಾನೆ ಮುಚ್ಚಿ ಎರಡು ದಶಕ ದಾಟಿತು. ಆದರೆ ಅಲ್ಲಿ ಕೆಲಸ ಮಾಡಿದ್ದ, ಈ ಲೇತ್ ಅಂಗಡಿಯ ಹಿರಿಯರು ಡ್ರಮ್ ಅನ್ನು ಚಕ್‌ಗೆ ಕಟ್ಟಿ, ಕೂದಲೆಳೆಯಷ್ಟು ತೆಗೆದು, ಅಳೆದು, "ಇನ್ನೊಂದ್ ಸಲಕ್ಕೆ ಬರಲ್ಲ, ಆಗ ಹೊಸದು ಹಾಕ್ರಿ" ಅಂದರು. ಇಂಥವರು ಕೂಗಳತೆಯಲ್ಲಿ ಇದ್ದಾರೆ ನಮಗೆ. ಮೊದಲ ಕಾರು ತಗೊಳ್ಳುವವನು ಇವರ ಕೈಗೆ ಗೊತ್ತಿರುವ ಗಾಡಿ ತಗೊಳ್ಳಬೇಕು. ಯೂಟ್ಯೂಬ್‌ನಲ್ಲಿ ಎಲ್ಲ ಇದೆ ನಿಜ. ಆದರೆ ಉಬ್ಬು ಎಲ್ಲಿದೆ ಅಂತ ಅದು ನನ್ನ ಅಂಗೈ ಹಿಡಿದು ತೋರಿಸಲ್ಲ.

800 ಒಂದೇ ಅಂತ ನಾನು ಹಟ ಹಿಡಿಯುವುದಿಲ್ಲ. ಒಳಗಿನ ಕೆಲಸ, ಅಂದರೆ ಸೀಟು, ಮಂಚ, ಬೀರು ಇಂಥದ್ದರ ಮೇಲೆ ಆಸೆ ಇದ್ದರೆ ಓಮ್ನಿ ಇನ್ನೂ ಒಳ್ಳೇದು. ಅದೇ 796 ಸಿಸಿ ಇಂಜಿನ್, ಆದರೆ ಮುಂದಿನ ಸೀಟಿನ ಕೆಳಗೆ. ಹಿಂದೆ ಖಾಲಿ ಕೋಣೆಯಷ್ಟು ಜಾಗ. ಸೆನ್ಸರು, ಇಸಿಎಂ (ಇಂಜಿನ್ ನಡೆಸುವ ಕಂಪ್ಯೂಟರ್) ಕಲಿಯಬೇಕು ಅನ್ನುವವರು ಎಂಪಿಎಫ್‌ಐ, ಅಂದರೆ ಕಾರ್ಬೊರೇಟರ್ ಬದಲು ಕಂಪ್ಯೂಟರ್ ಲೆಕ್ಕದಲ್ಲಿ ಪೆಟ್ರೋಲ್ ಚಿಮ್ಮಿಸುವ ವ್ಯವಸ್ಥೆ, ಇರುವ 800 ಇಲ್ಲವೇ ಹಳೇ ಆಲ್ಟೊ ನೋಡಬಹುದು. ಝೆನ್, ಎಸ್ಟೀಮ್ ಓಡಿಸೋಕೆ ಚೆನ್ನ. ಆದರೆ ಅವುಗಳ ಒಳಗಿನ ಪ್ಲಾಸ್ಟಿಕ್, ಲೈಟು ಈಗ ಕಷ್ಟ. ಅವನ್ನು ಎರಡನೇ ಕಾರಿಗೆ ಇಟ್ಟುಕೊಳ್ಳಲಿ.

ಕಾಗದ

ಇದನ್ನು ಹುಡುಗರು ಕೇಳಿಸಿಕೊಳ್ಳುವುದೇ ಇಲ್ಲ. ಆದರೂ ಹೇಳಲೇಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕೆ, ಆರ್‌ಸಿಯಲ್ಲಿ ಇರುವುದಕ್ಕೆ, ಹೊಂದದ ಹಾಗೆ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿ 9ರಂದು ಸುಪ್ರೀಂ ಕೋರ್ಟ್ ಕೇರಳದ ಒಂದು ಪ್ರಕರಣದಲ್ಲಿ ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಶಿಕ್ಷೆಯೂ ಬಂತು: ಒಂದೊಂದು ಬದಲಾವಣೆಗೆ 5000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಬೇರೆ ಬಣ್ಣ ಹೊಡೆಸಿದರೆ ಆರ್‌ಟಿಒಗೆ ತಿಳಿಸಿ ಆರ್‌ಸಿಯಲ್ಲಿ ಬರೆಸಬೇಕು. ಟಾಪು ಕತ್ತರಿಸೋದು, ಬೇರೆ ಜಾತಿಯ ಇಂಜಿನ್ ಕೂರಿಸೋದು, ಸದ್ದು ಮಾಡೋ ಸೈಲೆನ್ಸರ್ ಇವೆಲ್ಲ ರಸ್ತೆಯ ಗಾಡಿಗೆ ಆಗುವ ಮಾತಲ್ಲ. ಹೇಳದೇ ಮಾಡಿದ ಬದಲಾವಣೆ ಇದ್ದರೆ ಇನ್ಶೂರೆನ್ಸ್ ಕ್ಲೇಮಿಗೂ ತೊಂದರೆ.

ಹಳೇ ಗಾಡಿಗೆ ಇನ್ನೊಂದು ಲೆಕ್ಕ ಇದೆ. ಹದಿನೈದು ವರ್ಷ ಆದ ಮೇಲೆ ಐದೈದು ವರ್ಷಕ್ಕೊಮ್ಮೆ ಆರ್‌ಸಿ ರಿನ್ಯೂ ಮಾಡಿಸಬೇಕು, ಗಾಡಿ ಒಯ್ದು ತೋರಿಸಬೇಕು. ನಾನು 2018ರಲ್ಲಿ ಮಾಡಿಸಿದಾಗ ಅದರ ಫೀ 600 ರೂಪಾಯಿ. 2022ರ ಏಪ್ರಿಲ್‌ನಿಂದ ಅದು 5000 ಆಯಿತು. 2023ರಲ್ಲಿ ಅಷ್ಟೂ ಕಟ್ಟಿದೆ. ಹಸಿರು ತೆರಿಗೆ ಬೇರೆ. ಹಾಗಾಗಿ ಗಾಡಿಯ ರೇಟು ಕೇಳುವ ಮೊದಲು ಆರ್‌ಸಿ ಎಲ್ಲಿವರೆಗೆ ಇದೆ ಅಂತ ಕೇಳಬೇಕು.

ಹಾಗಾದರೆ ಕಲಿಯೋಕೆ ಏನು ಉಳಿಯಿತು ಅಂತ ಹುಡುಗ ಕೇಳಿದ. ನನ್ನ ಗಾಡಿಯ ಹೆಡ್‌ಲೈಟ್ ಬಗ್ಗೆ ಹೇಳಿದೆ. ರಾತ್ರಿ ಹೈವೇಯಲ್ಲಿ ಬೆಳಕು ಮಂಕು. ಜಾಸ್ತಿ ವ್ಯಾಟಿನ ಬಲ್ಬ್ ಹಾಕಿಸಿ ಅಂದವರು ಬಹಳ ಜನ. ನಾನು ಮಲ್ಟಿಮೀಟರ್ ಹಿಡಿದೆ. ಇಂಜಿನ್ ಓಡುವಾಗ ಬ್ಯಾಟರಿ ಹತ್ತಿರ 13.8 ವೋಲ್ಟ್, ಬಲ್ಬಿನ ಹತ್ತಿರ 11.5. ಉಳಿದದ್ದೆಲ್ಲ ಹಳೇ ಸ್ವಿಚ್ಚು, ಸಣ್ಣ ವೈರಿನಲ್ಲೇ ಕರಗಿ ಹೋಗುತ್ತಿತ್ತು. ಬ್ಯಾಟರಿಯಿಂದ ಫ್ಯೂಸ್ ಹಾಕಿ ದಪ್ಪ ವೈರು ಎಳೆದು, ಎರಡು ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಹಚ್ಚುವ ಸ್ವಿಚ್ಚು) ಕೂರಿಸಿ, ಹಳೇ ಸ್ವಿಚ್ಚಿಗೆ ರಿಲೇಯನ್ನು ಎಬ್ಬಿಸುವ ಕೆಲಸ ಮಾತ್ರ ಬಿಟ್ಟೆ. ಬಲ್ಬು ಅದೇ ಕಂಪನಿಯ 60/55 ವ್ಯಾಟಿನದು. ಈಗ ಅಲ್ಲಿ 13.3 ವೋಲ್ಟ್ ಬರುತ್ತದೆ. ಅವತ್ತು ರಾತ್ರಿ ಚಿತ್ರದುರ್ಗದವರೆಗೆ ಸುಮ್ನೆ ಓಡಿಸಿಕೊಂಡು ಹೋಗಿ ಬಂದೆ. ರಸ್ತೆ ಪಕ್ಕದ ಬಿಳಿ ಗೆರೆ ಅಷ್ಟು ದೂರದವರೆಗೆ ಕಂಡಿದ್ದು ಅದೇ ಮೊದಲು. ಬಾಗಿಲಿಗೆ, ತಳಕ್ಕೆ ಸದ್ದು ತಡೆಯುವ ಹಾಳೆ ಅಂಟಿಸಿದೆ. ಕುಷನ್ ಕೆಲಸದವರ ಹತ್ತಿರ ಕೂತು ಸೀಟಿನ ಫೋಮ್ ಕೆತ್ತೋದು ಕಲಿತೆ. ಅದೇ ಬಿಳಿ ಬಣ್ಣವನ್ನು ಮತ್ತೆ ಹೊಡೆದೆ. ಇವೆಲ್ಲ ಮಾಡಿಫಿಕೇಶನ್ ಅಲ್ವಾ? ನನ್ನ ಲೆಕ್ಕದಲ್ಲಿ ಹೌದು. ಬ್ರೇಕು, ಸ್ಟಿಯರಿಂಗು, ಟೈರು ಕಂಪನಿಯಿಂದ ಬಂದಾಗಿನ ಸ್ಥಿತಿಗೆ ತಂದ ಮೇಲೆ ಇಷ್ಟು ಮಾಡೋಕೆ ನನಗೆ ಮೂರು ವರ್ಷ ಹಿಡಿಯಿತು.

ಚೀಲದಲ್ಲಿ ಏನಿರಬೇಕು

ಗಾಡಿ ನೋಡೋಕೆ ಹೋಗುವಾಗ ನಾನು ಈಗ ನಾಲ್ಕು ಸಾಮಾನು ಒಯ್ಯುತ್ತೇನೆ. ಟಾರ್ಚು, ಸ್ಕ್ರೂಡ್ರೈವರು, ಹಾಸೋಕೆ ಒಂದು ಗೋಣಿಚೀಲ, ಹಳೇ ಸ್ಪೀಕರಿನಿಂದ ತೆಗೆದ ಅಯಸ್ಕಾಂತ. ಅಯಸ್ಕಾಂತಕ್ಕೆ ಮೆತ್ತನೆ ಬಟ್ಟೆ ಸುತ್ತಿ ಬಾಗಿಲು, ಫೆಂಡರ್ ಮೇಲೆ ಆಡಿಸಬೇಕು. ತಗಡಿದ್ದ ಕಡೆ ಗಟ್ಟಿಯಾಗಿ ಹಿಡಿಯುತ್ತದೆ. ಪುಟ್ಟಿ ದಪ್ಪ ಇದ್ದ ಕಡೆ ಜಾರುತ್ತದೆ. 800ರಲ್ಲಿ ತುಕ್ಕು ಎಲ್ಲಿ ಕೂರುತ್ತದೆ ಅಂದರೆ ಕಾಲಿಡುವ ತಳ, ಬ್ಯಾಟರಿ ಕೆಳಗಿನ ತಟ್ಟೆ, ಬಾಗಿಲ ಕೆಳಗಿನ ಅಂಚು, ಮುಂದಿನ ಸಸ್ಪೆನ್ಷನ್ ಬಂದು ಕೂರುವ ಗೂಡಿನ ಸುತ್ತ. ಮೊದಲ ಮೂರಕ್ಕೆ ಮದ್ದಿದೆ. ಕೊನೆಯದು ತಿಂದು ಹೋಗಿದ್ದರೆ ಎಷ್ಟೇ ಕಡಿಮೆಗೆ ಕೊಟ್ಟರೂ ವಾಪಸ್ ಬರಬೇಕು. ಕೈಯಲ್ಲಿರುವ ದುಡ್ಡಿನಲ್ಲಿ ಅರ್ಧಕ್ಕಿಂತ ಜಾಸ್ತಿ ಗಾಡಿಗೇ ಸುರಿಯಬಾರದು. ಉಳಿದ ಅರ್ಧ ಟೈರು, ಬ್ರೇಕು, ಸಾಮಾನಿಗೆ ಬೇಕೇ ಬೇಕು. ಅದರಲ್ಲೇ ಒಂದು ಜೊತೆ ಜಾಕ್ ಸ್ಟ್ಯಾಂಡ್ ತಗೊಳ್ಳಲಿ. ಬರೀ ಜಾಕಿ ಮೇಲೆ, ಇಟ್ಟಿಗೆ ಮೇಲೆ ಎತ್ತಿದ ಗಾಡಿ ಕೆಳಗೆ ತಲೆ ಹಾಕಬಾರದು. ಈ ಮಾತನ್ನು ಅವನಿಂದ ಆಣೆ ಮಾಡಿಸಿಕೊಂಡಿದ್ದೇನೆ.

ಮೊನ್ನೆ ಭಾನುವಾರ ಇಬ್ಬರೂ ಹೊರಟೆವು. ಅವನ ಆಸೆಗೆ ಮೊದಲು ಜೀಪ್ ನೋಡಿದೆವು. ನಿಜಕ್ಕೂ ಚೆಂದ ಇತ್ತು. ಜೀಪಿಗೆ ಬೇರೆ ಛಾಸಿ ಇರುತ್ತದೆ, ಚಪ್ಪಟೆ ತಗಡು, ಕಲಿಯೋಕೆ ಸುಲಭ. ಕಾಗದ ಸರಿಯಿದ್ದಿದ್ದರೆ ನಾನೇ ತಗೋ ಅನ್ನುತ್ತಿದ್ದೆ. ಆದರೆ ಆರ್‌ಸಿಯಲ್ಲಿ ಪೆಟ್ರೋಲ್ ಅಂತ ಇದೆ, ಬಾನೆಟ್ ಒಳಗೆ ಡೀಸೆಲ್ ಇಂಜಿನ್. ಛಾಸಿ ನಂಬರಿನ ಜಾಗದಲ್ಲಿ ಗ್ರೈಂಡರ್ ಆಡಿಸಿದ ಗುರುತು. ಹುಡುಗ ಅದನ್ನು ಬೆರಳಲ್ಲಿ ಮುಟ್ಟಿ ನೋಡಿ, ಮಾತಾಡದೇ ಬಂದು ಬೈಕ್ ಹತ್ತಿದ. ಭರಮಸಾಗರ ದಾಟುವವರೆಗೂ ಮಾತಿಲ್ಲ.

ಮಧ್ಯಾಹ್ನ ಹರಿಹರದಲ್ಲಿ 2006ರ ಒಂದು 800. ಬೂದು ಬಣ್ಣ, ಹಿಂದಿನ ಬಂಪರ್ ಸೀಳಿದೆ. ಗಾಡಿಯವರು ಸ್ಟಾರ್ಟ್ ಮಾಡಿ ತೋರಿಸಿದರು. ಹುಡುಗ ಆರ್‌ಸಿ ತಗೊಂಡು ಬಾನೆಟ್ ಒಳಗೆ ಬಗ್ಗಿ, ತಗಡಿನ ಮೇಲೆ ಕೊರೆದ ನಂಬರನ್ನು ಒಂದೊಂದೇ ಅಕ್ಷರ ಜೋರಾಗಿ ಓದಿ ತಾಳೆ ನೋಡಿದ. ಅಯಸ್ಕಾಂತ ಆಡಿಸಿದ. ಬಲಗಡೆ ಫೆಂಡರ್ ಹತ್ತಿರ ಅದು ಜಾರಿತು. ನಾನು ಸುಮ್ಮನಿದ್ದೆ. ಅವನು ಅಲ್ಲೇ ಅಂಗೈ ಇಟ್ಟು ಸವರಿ, ನನ್ನ ಕಡೆ ತಿರುಗಿ, "ಮಾಮಾ, ಇಲ್ಲಿ ಏನೋ ಕೆಲಸ ಮಾಡಿದಾರೆ" ಅಂದ. ಆಮೇಲೆ ಗೋಣಿಚೀಲ ಹಾಸಿ, ಬೆನ್ನ ಮೇಲೆ ಮಲಗಿ ಗಾಡಿ ಕೆಳಗಿನ ಅಂಚಿಗೆ ಸರಿದು, ಟಾರ್ಚಿಗೆ ಕೈ ಚಾಚಿದ.